ಆವರಣದೊಳಗಿನ 'ಇತರರು'

ಯಾಕೋಬ್ ಫಿಂಚಿ ಬೋಸ್ನಿಯಾದ ರಾಜಧಾನಿ ಸರಾಯೆವೊದವರು, ಯಹೂದಿ. 1943ರಲ್ಲಿ ರಾಬ್ ಎಂಬ ದ್ವೀಪದಲ್ಲಿ ಹುಟ್ಟಿದರು. ಅವರ ಹೆತ್ತವರನ್ನು ಇಟಲಿಯ ಫ್ಯಾಸಿಸ್ಟರು ಕೂಡಿಹಾಕಿದ್ದ ಶಿಬಿರ ಇದ್ದುದು ಅಲ್ಲಿ. 1992ರಲ್ಲಿ ಸರ್ಬ್ ಪಡೆಗಳು ಸರಾಯೆವೊಗೆ ಮುತ್ತಿಗೆ ಹಾಕಿ, ಸುಮಾರು ನಾಲ್ಕು ವರ್ಷ ಆ ನಗರದ ಮೇಲೆ ಗುಂಡು, ಶೆಲ್ಲುಗಳ ಮಳೆಗರೆದಾಗ ಅಲ್ಲಿನ ಪುಟ್ಟ ಯಹೂದಿ ಸಮುದಾಯದ 'ಲಾ ಬೆನೆವೊಲೆನ್ಸಿಯಾ' ಎಂಬ ಸೇವಾಸಂಸ್ಥೆ ಗಂಜಿ ಕೇಂದ್ರ ತೆರೆಯಿತು, ಔಷಧ ಹಂಚಿತು. ಬಂದವನು ಮುಸ್ಲಿಮನೋ ಕ್ರೈಸ್ತನೋ ಎಂದು ಅದು ಕೇಳಲಿಲ್ಲ. ಆ ಕೆಲಸದ ಮುಂಚೂಣಿಯಲ್ಲಿ ಫಿಂಚಿ ಇದ್ದರು.

ಯುದ್ಧ ಮುಗಿದು ಹತ್ತು ವರ್ಷಗಳಾದ ಮೇಲೆ ಅವರು ಚುನಾವಣಾ ಆಯೋಗಕ್ಕೊಂದು ಪತ್ರ ಬರೆದರು. ದೇಶದ ಅಧ್ಯಕ್ಷ ಸ್ಥಾನಕ್ಕೆ ನಾನು ಸ್ಪರ್ಧಿಸಬಹುದೇ ಎಂಬುದು ಪ್ರಶ್ನೆ. 2007ರ ಜನವರಿಯಲ್ಲಿ ಲಿಖಿತ ಉತ್ತರ ಬಂತು. ನೀವು ಯಹೂದಿ ಮೂಲದವರು, ಆದ್ದರಿಂದ ಸ್ಪರ್ಧಿಸುವಂತಿಲ್ಲ ಎಂಬುದು ಅದರ ಸಾರ. ವಿಚಿತ್ರವೆಂದರೆ ಅದೇ ದೇಶ ಮುಂದೆ ಅವರನ್ನು ಸ್ವಿಟ್ಜರ್‌ಲೆಂಡಿಗೆ ತನ್ನ ರಾಯಭಾರಿಯಾಗಿ ಕಳುಹಿಸಿತು. ದೇಶವನ್ನು ಹೊರಗೆ ಪ್ರತಿನಿಧಿಸಲು ಅಡ್ಡಿಯಿಲ್ಲ, ಒಳಗೆ ಪ್ರತಿನಿಧಿಸುವಂತಿಲ್ಲ!

ಇದು ಹಿಟ್ಲರನ ಕಾಲದ ಕತೆಯಲ್ಲ. ಯಹೂದಿ ದ್ವೇಷಿಯೊಬ್ಬ ಅಧಿಕಾರಕ್ಕೆ ಬಂದು ಮಾಡಿದ ಕಾನೂನೂ ಅಲ್ಲ. ಅಮೆರಿಕ ಮತ್ತು ಯುರೋಪಿನ ರಾಜತಾಂತ್ರಿಕರು ಮುಂದೆ ನಿಂತು ಬರೆಸಿದ, ಮಾನವ ಹಕ್ಕುಗಳ ಒಪ್ಪಂದಗಳನ್ನೆಲ್ಲ ಭಕ್ತಿಯಿಂದ ಹೆಸರಿಸುವ ಸಂವಿಧಾನವೊಂದರ ಫಲ ಇದು. ಬೋಸ್ನಿಯಾದ ಯುದ್ಧ ಸುಮಾರು ಒಂದು ಲಕ್ಷ ಜನರನ್ನು ಬಲಿ ತೆಗೆದುಕೊಂಡಿತ್ತು. 1995ರ ಜುಲೈಯಲ್ಲಿ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಗಂಡಸರು ಮತ್ತು ಹುಡುಗರನ್ನು ಕೆಲವೇ ದಿನಗಳಲ್ಲಿ ಕೊಲ್ಲಲಾಯಿತು. ಅದೇ ನವೆಂಬರಿನಲ್ಲಿ ಅಮೆರಿಕದ ಓಹಿಯೊ ರಾಜ್ಯದ ಡೇಟನ್ ಬಳಿಯ ವಾಯುನೆಲೆಯೊಂದರಲ್ಲಿ ಮೂರೂ ಕಡೆಯ ನಾಯಕರನ್ನು ಕೂರಿಸಿ ಒಪ್ಪಂದ ಮಾಡಿಸಲಾಯಿತು. ಆ ಒಪ್ಪಂದದ ನಾಲ್ಕನೇ ಅನುಬಂಧವೇ ಬೋಸ್ನಿಯಾದ ಸಂವಿಧಾನ. ಅದನ್ನು ಬರೆದದ್ದು ಇಂಗ್ಲಿಷಿನಲ್ಲಿ. ಅದರ ಮೇಲೆ ಆ ದೇಶದ ಜನ ಮತ ಹಾಕಲಿಲ್ಲ.

ಅದರ ಪೀಠಿಕೆಯಲ್ಲಿ ಮೂರು ಜನಾಂಗಗಳ ಹೆಸರಿದೆ: ಬೋಸ್ನಿಯಾಕರು, ಕ್ರೊಯೇಟರು, ಸರ್ಬರು. ದೇಶವನ್ನು ರೂಪಿಸುವ ಜನಾಂಗಗಳು ಇವೇ. ಬೋಸ್ನಿಯಾಕರು ಮುಸ್ಲಿಮರು, ಕ್ರೊಯೇಟರು ಕ್ಯಾಥೊಲಿಕರು, ಸರ್ಬರು ಆರ್ಥೊಡಾಕ್ಸ್ ಕ್ರೈಸ್ತರು. ಆಡುವ ಭಾಷೆ ಹೆಚ್ಚುಕಡಿಮೆ ಒಂದೇ, ಹೆಸರು ಮಾತ್ರ ಮೂರು. ಇವರ ಪಕ್ಕದಲ್ಲಿ, ಆವರಣ ಚಿಹ್ನೆಯೊಳಗೆ, 'ಇತರರೂ ಸೇರಿದಂತೆ' ಎಂಬರ್ಥದ ಮಾತಿದೆ. ಯಹೂದಿಗಳು, ರೋಮಾ ಎಂಬ ಅಲೆಮಾರಿ ಮೂಲದ ಜನ, ಮಿಶ್ರ ವಿವಾಹದ ಮಕ್ಕಳು, ಯಾವ ಜನಾಂಗದ ಹೆಸರನ್ನೂ ಹೇಳಿಕೊಳ್ಳಲೊಲ್ಲದವರು ಎಲ್ಲರೂ ಆ ಚಿಹ್ನೆಯೊಳಗೆ ಸೇರಿದರು. ಸಂವಿಧಾನವೊಂದರಲ್ಲಿ ಪ್ರಜೆಗಳನ್ನು ಆವರಣ ಚಿಹ್ನೆಯೊಳಗೆ ಇಟ್ಟ ಇನ್ನೊಂದು ಉದಾಹರಣೆ ನನಗಂತೂ ಗೊತ್ತಿಲ್ಲ.

ಅಧಿಕಾರದ ಹಂಚಿಕೆಯೂ ಇದೇ ಲೆಕ್ಕದಲ್ಲಿ ನಡೆಯಿತು. ದೇಶ ಎರಡು ಭಾಗವಾಯಿತು. ನೆಲದ ಶೇ. 51 ಬೋಸ್ನಿಯಾಕ್-ಕ್ರೊಯೇಟ್ ಒಕ್ಕೂಟಕ್ಕೆ, ಶೇ. 49 'ರಿಪಬ್ಲಿಕಾ ಸರ್ಪ್‌ಸ್ಕಾ' ಎಂಬ ಸರ್ಬ್ ಘಟಕಕ್ಕೆ. ಅಧ್ಯಕ್ಷರು ಮೂವರು, ಜನಾಂಗಕ್ಕೊಬ್ಬರಂತೆ. ಮೇಲ್ಮನೆಯ 15 ಸದಸ್ಯರೂ ಐದೈದರಂತೆ ಅವೇ ಮೂರು ಜನಾಂಗಗಳವರು.

ಫಿಂಚಿ ಮತ್ತು ರೋಮಾ ಸಮುದಾಯದ ದೆರ್ವೊ ಸೆಯ್ದಿಚ್ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಬಾಗಿಲು ತಟ್ಟಿದರು. 2009ರ ಡಿಸೆಂಬರ್ 22ರಂದು ತೀರ್ಪು ಬಂತು. ಅಧ್ಯಕ್ಷ ಸ್ಥಾನದಿಂದ ಇವರನ್ನು ಹೊರಗಿಟ್ಟದ್ದು ಭೇದಭಾವ ಎಂದು 17 ನ್ಯಾಯಾಧೀಶರಲ್ಲಿ 16 ಮಂದಿ ಹೇಳಿದರು.

ಒಪ್ಪದೆ ಉಳಿದವರು ಮಾಲ್ಟಾದ ನ್ಯಾಯಾಧೀಶ ಜೊವಾನಿ ಬೊನೆಲ್ಲೊ. ಮೊದಲ ಸಲ ಈ ಪ್ರಕರಣದ ಬಗ್ಗೆ ಓದಿದಾಗ ಆ ಒಬ್ಬ ನ್ಯಾಯಾಧೀಶ ಕರ್ಮಠನಿರಬೇಕು ಎಂದುಕೊಂಡಿದ್ದೆ. ಅವರ ವಾದ ಓದಿದ ಮೇಲೆ ಹಾಗೆನ್ನಲು ಆಗಲಿಲ್ಲ. ಇಬ್ಬರು ಅರ್ಜಿದಾರರ ಸಮಾನತೆಯ ಹಕ್ಕನ್ನು ಎತ್ತಿಹಿಡಿಯುವ ಭರದಲ್ಲಿ, ರಕ್ತಪಾತವನ್ನು ನಿಲ್ಲಿಸಿದ ಏರ್ಪಾಡನ್ನೇ ಅಲುಗಾಡಿಸುವುದು ಸರಿಯೇ ಎಂದು ಅವರು ಕೇಳುತ್ತಾರೆ. ಅಪಾಯ ಕಳೆದಿದೆ ಎಂದು ದೂರದ ನ್ಯಾಯಾಲಯದಲ್ಲಿ ಕುಳಿತವರಿಗೆ ಹೇಗೆ ಗೊತ್ತು? ತತ್ವಕ್ಕಾಗಿ ತನ್ನ ಪ್ರಾಣವನ್ನು ಪಣಕ್ಕಿಡುವವನನ್ನು ಮೆಚ್ಚಬಹುದು. ಇನ್ನೊಬ್ಬರ ಮಕ್ಕಳ ಪ್ರಾಣವನ್ನು ಪಣಕ್ಕಿಡಲು ಅವನಿಗೆ ಅಧಿಕಾರವಿದೆಯೇ?

ಈ ಪ್ರಶ್ನೆಯನ್ನು ಹಾರಿಹೋಗುವ ಸಮಾನತೆಯ ಭಾಷಣ ನನಗೆ ಬೇಡ. 1995ರ ಚಳಿಗಾಲದಲ್ಲಿ ಸ್ರೆಬ್ರೆನಿತ್ಸಾದ ತಾಯಿಯೊಬ್ಬಳ ಮುಂದೆ ನಿಂತು, ಅಮ್ಮಾ, ಈ ಒಪ್ಪಂದದಲ್ಲಿ ಇತರರಿಗೆ ಅನ್ಯಾಯವಾಗಿದೆ, ಯುದ್ಧ ಮುಂದುವರಿಯಲಿ ಎನ್ನುವ ಧೈರ್ಯ ಯಾರಿಗಿದೆ? ಗುಂಡು ನಿಲ್ಲಿಸುವುದು ಮೊದಲ ಧರ್ಮ. ಆ ಧರ್ಮವನ್ನು ಡೇಟನ್ ಪಾಲಿಸಿತು. ಅಷ್ಟರ ಮಟ್ಟಿಗೆ ಅದನ್ನು ಹಳಿಯುವುದು ಕೃತಘ್ನತೆ.

ಆದರೆ ಕದನವಿರಾಮವನ್ನೇ ಮನೆ ಮಾಡಿಕೊಂಡು ಬದುಕಬಹುದೇ? ಮೂಳೆ ಮುರಿದಾಗ ಪಟ್ಟಿ ಕಟ್ಟಲೇಬೇಕು. ಅದನ್ನು ಬಿಚ್ಚದೆಯೇ ಬಿಟ್ಟರೆ ಕಾಲು ಸೊರಗುತ್ತದೆ. ಬೋಸ್ನಿಯಾದಲ್ಲಿ ಸೊರಗಿದ್ದು ರಾಜಕೀಯ. ಅಧಿಕಾರವೆಲ್ಲ ಜನಾಂಗಗಳ ಪಾಲಾಗಿರುವಾಗ ನಾಯಕನೊಬ್ಬ ಇಡೀ ದೇಶದ ಮನ ಗೆಲ್ಲಬೇಕಾಗಿಲ್ಲ, ತನ್ನವರು ಮತ ಹಾಕಿದರೆ ಸಾಕು. ತನ್ನವರ ಮತ ಪಡೆಯಲು ರಸ್ತೆ, ಆಸ್ಪತ್ರೆ, ಉದ್ಯೋಗಕ್ಕಿಂತ ಅಗ್ಗದ ಸಾಧನವೊಂದಿದೆ, ಅದು ಆಚೆಯವರ ಭಯ. ಆಚೆಯ ನಾಯಕನಿಗೂ ಅದೇ ಸಾಧನ ಬೇಕು. ಮೇಲ್ನೋಟಕ್ಕೆ ಇವರು ವೈರಿಗಳು, ನಿಜದಲ್ಲಿ ಒಬ್ಬರಿಗೊಬ್ಬರು ಅನಿವಾರ್ಯ.

2013ರಲ್ಲಿ ನಡೆದದ್ದನ್ನು ನೋಡಿ. ಹುಟ್ಟುವ ಪ್ರತಿ ಮಗುವಿಗೂ ಸರಕಾರ ಗುರುತಿನ ಸಂಖ್ಯೆಯೊಂದನ್ನು ಕೊಡಬೇಕು. ಆ ಕುರಿತ ಕಾನೂನಿನ ಭಾಗವನ್ನು ಸಾಂವಿಧಾನಿಕ ನ್ಯಾಯಾಲಯ ರದ್ದುಪಡಿಸಿತ್ತು. ಹೊಸತನ್ನು ಬರೆಯಲು ಕೂತವರು, ಸಂಖ್ಯೆಯಲ್ಲಿ ಯಾವ ಘಟಕದವರು ಎಂಬ ಗುರುತು ಇರಬೇಕೇ ಬೇಡವೇ ಎಂದು ಜಗಳಕ್ಕೆ ನಿಂತರು. ಸಂಖ್ಯೆಯಿಲ್ಲದೆ ಪಾಸ್‌ಪೋರ್ಟ್ ಇಲ್ಲ. ಮೂರು ತಿಂಗಳ ಹಸುಗೂಸೊಂದು ಚಿಕಿತ್ಸೆಗೆ ವಿದೇಶಕ್ಕೆ ಹೋಗಲಾಗದೆ ಸಿಕ್ಕಿಕೊಂಡಿತು. ಜೂನಿನಲ್ಲಿ ಸರಾಯೆವೊದ ಜನ ಸಂಸತ್ತನ್ನು ಸುತ್ತುವರಿದು ಸಂಸದರನ್ನು ಗಂಟೆಗಟ್ಟಲೆ ಹೊರಬರಲು ಬಿಡಲಿಲ್ಲ. ಇದೇ ತೊಡಕಿಗೆ ಸಿಕ್ಕಿದ್ದ ಇನ್ನೊಂದು ಶಿಶು ಆ ತಿಂಗಳಲ್ಲೇ ತೀರಿಕೊಂಡಿತು. ಆ ಕಂದನ ಸಾವಿಗೆ ಯಾವ ಜನಾಂಗ ಹೊಣೆ?

ಮಾರನೇ ವರ್ಷ, 2014ರ ಫೆಬ್ರವರಿಯಲ್ಲಿ, ತುಜ್ಲಾ ನಗರದಲ್ಲಿ ಕಾರ್ಖಾನೆ ಮುಚ್ಚಿ ಬೀದಿಗೆ ಬಿದ್ದ ಕಾರ್ಮಿಕರು ದಂಗೆಯೆದ್ದರು. ಪ್ರತಿಭಟನೆ ಹಲವು ನಗರಗಳಿಗೆ ಹಬ್ಬಿತು. ನಾವು ಮೂರು ಭಾಷೆಗಳಲ್ಲಿ ಹಸಿದಿದ್ದೇವೆ ಎಂಬುದು ಅವರ ಘೋಷಣೆಗಳಲ್ಲೊಂದು. ಇಡೀ ಡೇಟನ್ ವ್ಯವಸ್ಥೆಯ ಬಗ್ಗೆ ಇದಕ್ಕಿಂತ ಚುರುಕಾದ ಟೀಕೆಯನ್ನು ಯಾವ ಪಂಡಿತನೂ ಬರೆದಿಲ್ಲ.

ಇದೆಲ್ಲದರ ಮೇಲೆ ಇನ್ನೊಂದು ಅಧಿಕಾರ ಕೂತಿತು. ಶಾಂತಿ ಒಪ್ಪಂದದ ಜಾರಿಗೆಂದು ಬಂದ ಅಂತಾರಾಷ್ಟ್ರೀಯ 'ಉನ್ನತ ಪ್ರತಿನಿಧಿ'ಗೆ 1997ರಿಂದ ಕಾನೂನು ಹೇರುವ, ಚುನಾಯಿತರನ್ನು ಕಿತ್ತುಹಾಕುವ ಅಧಿಕಾರ ಸಿಕ್ಕಿತು. 2004ರ ಜೂನ್ 30ರಂದು ಆ ಸ್ಥಾನದಲ್ಲಿದ್ದ ಬ್ರಿಟನಿನ ಪ್ಯಾಡಿ ಆಶ್‌ಡೌನ್ ಒಂದೇ ದಿನ ಸುಮಾರು 60 ಸರ್ಬ್ ಅಧಿಕಾರಸ್ಥರನ್ನು ವಜಾ ಮಾಡಿದರು. 2021ರ ಜುಲೈಯಲ್ಲಿ ಆಸ್ಟ್ರಿಯಾದ ವ್ಯಾಲೆಂಟಿನ್ ಇನ್ಜ್‌ಕೊ, ಸ್ರೆಬ್ರೆನಿತ್ಸಾದಂಥ ನರಮೇಧವನ್ನು ನಿರಾಕರಿಸುವುದು ಅಪರಾಧ ಎಂಬ ಕಾನೂನನ್ನು ತಮ್ಮ ಸಹಿಯಿಂದಲೇ ಜಾರಿಗೆ ತಂದರು. ಆ ಸುದ್ದಿ ಓದಿದಾಗ ನನಗೂ ಸಮಾಧಾನವಾಗಿತ್ತು. ಸತ್ತವರ ಹೆಸರನ್ನು ಮತ್ತೆ ಮತ್ತೆ ಕೊಲ್ಲುವವರ ಬಾಯಿಗೆ ಬೀಗ ಬಿತ್ತಲ್ಲ ಎಂದು. ಆದರೆ ಮರುವರ್ಷ ಅಕ್ಟೋಬರ್ 2ರ ಚುನಾವಣೆಯ ದಿನ, ಮತದಾನ ಮುಗಿದ ಕೂಡಲೇ, ಮುಂದಿನ ಪ್ರತಿನಿಧಿ ಕ್ರಿಶ್ಚಿಯನ್ ಶ್ಮಿಟ್ ಅದೇ ಅಧಿಕಾರದಿಂದ ಚುನಾವಣಾ ಕಾನೂನನ್ನೇ ಬದಲಿಸಿದಾಗ ಸರಾಯೆವೊದ ಅನೇಕರು ಸಿಟ್ಟಿಗೆದ್ದರು. ನಮಗೆ ಬೇಕಾದುದನ್ನು ಮಾಡಿದಾಗ ಅದು ನ್ಯಾಯ, ಬೇಡವಾದುದನ್ನು ಮಾಡಿದಾಗ ವಸಾಹತುಶಾಹಿ ಎನ್ನಲಾಗದು. ಸರ್ಬ್ ನಾಯಕ ಮಿಲೊರಾದ್ ದೊದಿಕ್ ಈ ಪ್ರತಿನಿಧಿಯ ಆದೇಶಗಳನ್ನು ಧಿಕ್ಕರಿಸಿ 2025ರಲ್ಲಿ ಶಿಕ್ಷೆಗೊಳಗಾಗಿ ಹುದ್ದೆ ಕಳೆದುಕೊಂಡರು. ಅವರ ದುರುದ್ದೇಶದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಯಾರೂ ಚುನಾಯಿಸದವನ ಮಾತಿಗೆ ನಾನೇಕೆ ತಲೆಬಾಗಲಿ ಎಂಬ ಪ್ರಶ್ನೆಯನ್ನು ಅಂಥವರ ಕೈಗೆ ಇತ್ತವರು ಯಾರು?

ಈಗ ನಮಗೆ ಕಷ್ಟವಾಗುವ ಮಾತಿಗೆ ಬರುತ್ತೇನೆ. ಈ ಜನಾಂಗದ ಲೆಕ್ಕಾಚಾರವನ್ನೆಲ್ಲ ಬಿಡೋಣ, ಎಲ್ಲರೂ ಪ್ರಜೆಗಳು, ಒಬ್ಬನಿಗೊಂದು ಮತ ಎಂದು ಬೋಸ್ನಿಯಾದಲ್ಲಿ ಹೆಚ್ಚಾಗಿ ಹೇಳುವವರು ಬೋಸ್ನಿಯಾಕ್ ಮುಸ್ಲಿಮರು. ಮಾತು ಸುಂದರವಾಗಿದೆ. 2013ರ ಜನಗಣತಿಯ ಪ್ರಕಾರ ಅಲ್ಲಿ ಬೋಸ್ನಿಯಾಕರು ಶೇ. 50.1, ಸರ್ಬರು ಶೇ. 30.8, ಕ್ರೊಯೇಟರು ಶೇ. 15.4. ಒಬ್ಬನಿಗೊಂದು ಮತ ಎಂಬ ನಿಯಮ ಯಾರ ಕೈಗೆ ಅಧಿಕಾರ ಕೊಡುತ್ತದೆಂದು ಲೆಕ್ಕ ಹಾಕಲು ಗಣಿತಜ್ಞ ಬೇಕಿಲ್ಲ. ಕ್ರೊಯೇಟ್ ಸ್ಥಾನದ ಅಧ್ಯಕ್ಷರಾಗಿ ಝೆಲ್ಕೊ ಕೊಮ್‌ಶಿಚ್ 2006, 2010, 2018 ಮತ್ತು 2022ರಲ್ಲಿ ಗೆದ್ದರು. ಬಹುಪಾಲು ಬೋಸ್ನಿಯಾಕರ ಮತಗಳಿಂದ ಗೆದ್ದರು. ಅವರು ಜನಾಂಗವಾದಿಯಲ್ಲ, ದೇಶ ಒಂದಾಗಿರಬೇಕೆನ್ನುವವರು, ಹಾಗಾಗಿ ನಮ್ಮ ಮೆಚ್ಚುಗೆ ಸಹಜವಾಗಿ ಅವರ ಕಡೆಗೇ ಹೋಗುತ್ತದೆ. ಆದರೆ ನಮ್ಮ ಪ್ರತಿನಿಧಿಯನ್ನು ಬೇರೆಯವರು ಆರಿಸುತ್ತಿದ್ದಾರೆ ಎಂಬ ಸಾಮಾನ್ಯ ಕ್ರೊಯೇಟನ ನೋವು ಬರಿಯ ನಾಟಕವೇ? ಬಹುಸಂಖ್ಯಾತರ ಬಾಯಲ್ಲಿ ಸಮಾನತೆಯ ಮಾತು ಎಷ್ಟು ಹಗುರವಾಗಿ ಬರುತ್ತದೆ, ಕಿರಿಯ ಸಮುದಾಯಗಳ ಕಿವಿಯಲ್ಲಿ ಎಷ್ಟು ಭಾರವಾಗಿ ಬೀಳುತ್ತದೆ ಎಂಬುದು ನಮಗೆ ಗೊತ್ತಿರಬೇಕಾದ ಸಂಗತಿ. ಒಂದು ದೇಶದಲ್ಲಿ ನಾವು ಕಡಿಮೆ ಸಂಖ್ಯೆಯಲ್ಲಿದ್ದಾಗ ಒಂದು ನ್ಯಾಯ, ಇನ್ನೊಂದು ದೇಶದಲ್ಲಿ ನಮ್ಮಂಥವರು ಹೆಚ್ಚಿದ್ದಾಗ ಇನ್ನೊಂದು ನ್ಯಾಯ ಎಂದಾದರೆ ಅದನ್ನು ನ್ಯಾಯವೆನ್ನಲು ಬಾರದು.

ಹಾಗೆಂದು ಡೇಟನ್ ಏರ್ಪಾಡು ಬೋಸ್ನಿಯಾಕರನ್ನಾದರೂ ಕಾಯ್ದಿದೆಯೇ ಎಂದರೆ ಅದೂ ಪೂರ್ತಿ ನಿಜವಲ್ಲ. ಇಲಿಯಾಜ್ ಪಿಲಾವ್ ಎಂಬ ವೈದ್ಯರು ಸ್ರೆಬ್ರೆನಿತ್ಸಾದ ಮುತ್ತಿಗೆಯ ಕಾಲದಲ್ಲಿ ಅಲ್ಲೇ ಉಳಿದು ಗಾಯಾಳುಗಳ ಶುಶ್ರೂಷೆ ಮಾಡಿದವರು. ಸ್ರೆಬ್ರೆನಿತ್ಸಾ ಈಗ ಸರ್ಬ್ ಘಟಕದಲ್ಲಿದೆ. ಅಲ್ಲಿಂದ ಅಧ್ಯಕ್ಷ ಮಂಡಳಿಗೆ ಆರಿಸಿ ಬರಬೇಕಾದವನು ಸರ್ಬನೇ ಆಗಿರಬೇಕು. ಯಾರ ಜನ ಅಲ್ಲಿ ಕೊಲೆಯಾದರೋ ಅವರಲ್ಲಿ ಒಬ್ಬ ತನ್ನ ಊರಿಗೆ ಮರಳಿ ನೆಲೆಸಿದರೆ ಸ್ಪರ್ಧೆಯ ಹಕ್ಕು ಹೋಗುತ್ತದೆ. ಸ್ಪರ್ಧಿಸಬೇಕೆಂದರೆ ಊರು ಬಿಟ್ಟು ಒಕ್ಕೂಟಕ್ಕೆ ಹೋಗಬೇಕು. ಜನರನ್ನು ಊರಿನಿಂದ ಓಡಿಸಲು ಬಂದೂಕು ಹಿಡಿದವರು ಬಯಸಿದ್ದೂ ಅದನ್ನೇ ಅಲ್ಲವೇ? 2016ರಲ್ಲಿ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಪಿಲಾವ್ ಪರವಾಗಿಯೂ ತೀರ್ಪಿತ್ತಿತು.

ಜನಾಂಗಗಳ ಪಾಲು ಬೇಡವೇ ಬೇಡ ಎನ್ನಲು ನಾನು ಸಿದ್ಧನಿಲ್ಲ. ಕ್ರೊಯೇಟನ ಭಾಷೆ, ಸರ್ಬನ ಶಾಲೆ, ಬೋಸ್ನಿಯಾಕನ ಮಸೀದಿಗಳ ಮೇಲೆ ಬಹುಮತ ಕೈಯಿಡದಂತೆ ತಡೆಯುವ ಅಧಿಕಾರ ಆಯಾ ಸಮುದಾಯಕ್ಕೆ ಇರಲಿ. ಕಾಪಾಡಿಕೊಳ್ಳುವ ಆ ಹಕ್ಕು ಬೇರೆ, ಇನ್ನೊಬ್ಬನಿಗೆ ಬಾಗಿಲು ಮುಚ್ಚುವ ಹಕ್ಕು ಬೇರೆ. ಫಿಂಚಿ ಅಭ್ಯರ್ಥಿಯಾದರೆ ಯಾರ ಭಾಷೆ ಅಳಿಯುತ್ತಿತ್ತು? 1991ರ ಜನಗಣತಿಯಲ್ಲಿ ಬೋಸ್ನಿಯಾದ ಶೇ. 5.5 ಜನ ತಮ್ಮನ್ನು ಮುಸ್ಲಿಮ್, ಸರ್ಬ್, ಕ್ರೊಯೇಟ್ ಎಂದು ಬರೆಸದೆ 'ಯುಗೊಸ್ಲಾವ್' ಎಂದು ಬರೆಸಿದ್ದರು. ಆ ದೇಶ ಒಡೆಯಿತು, ಆ ಹೆಸರೂ ಹೋಯಿತು. ಅವರನ್ನು ಯಾರೂ ಲೆಕ್ಕ ಮಾಡಲಿಲ್ಲ, ಏಕೆಂದರೆ ಡೇಟನಿನ ಮೇಜಿನ ಸುತ್ತ ಅವರ ಪರವಾಗಿ ಬಂದೂಕು ಹಿಡಿದ ಪಡೆ ಇರಲಿಲ್ಲ. ನನ್ನನ್ನು ಎಲ್ಲಕ್ಕಿಂತ ಕಾಡುವುದು ಇದೇ. ಕಾದಾಡಿದವರಿಗೆ ಪಾಲು ಸಿಕ್ಕಿತು, ಕಾದಾಡಲೊಲ್ಲದವರಿಗೆ ಆವರಣ ಚಿಹ್ನೆ.

ಬೋಸ್ನಿಯಾದ ಒಕ್ಕೂಟ ಭಾಗದಲ್ಲಿ ಒಂದೇ ಸೂರಿನಡಿ ಎರಡು ಶಾಲೆಗಳು ಐವತ್ತಕ್ಕೂ ಹೆಚ್ಚು ಕಡೆ ಬೆಳೆದಿದ್ದವು. ಕ್ರೊಯೇಟ್ ಮಕ್ಕಳಿಗೊಂದು ಪಾಠ, ಬೋಸ್ನಿಯಾಕ್ ಮಕ್ಕಳಿಗೊಂದು ಪಾಠ, ಕೆಲವೆಡೆ ಬಾಗಿಲು ಕೂಡ ಬೇರೆ. ಯಾಯ್‌ತ್ಸೆ ಎಂಬ ಊರಿನ ಪ್ರೌಢಶಾಲೆಯಲ್ಲಿ ಮಾತ್ರ ಮಕ್ಕಳು ಜೊತೆಯಲ್ಲೇ ಕಲಿಯುತ್ತಿದ್ದರು. 2016ರಲ್ಲಿ ಅವರನ್ನೂ ಬೇರ್ಪಡಿಸಿ ಹೊಸ ಶಾಲೆ ಮಾಡುವ ತೀರ್ಮಾನವಾಯಿತು. ಹದಿನಾರು, ಹದಿನೇಳರ ಹುಡುಗ ಹುಡುಗಿಯರು, ಎರಡೂ ಕಡೆಯವರು, ಬೀದಿಗಿಳಿದರು. ಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳು ಅವರು. ತಮ್ಮ ತಂದೆತಾಯಂದಿರ ಭಯವನ್ನು ಅವರು ತಮಾಷೆ ಮಾಡಲಿಲ್ಲ, ಜೊತೆಯಲ್ಲಿ ಕೂರುತ್ತೇವೆ ಎಂದಷ್ಟೇ ಹಟ ಹಿಡಿದರು. 2017ರಲ್ಲಿ ಸರಕಾರ ಹಿಂದೆ ಸರಿಯಿತು.

ಫಿಂಚಿಯವರ ತೀರ್ಪು ಬಂದ ಮೇಲೆ 2010, 2014, 2018, 2022ರಲ್ಲಿ ನಾಲ್ಕು ಚುನಾವಣೆಗಳು ನಡೆದವು. ನಾಲ್ಕೂ ಹಳೆಯ ನಿಯಮದಂತೆಯೇ ನಡೆದವು.