ನಾಯಿಯ ಮುಂದಿಟ್ಟ ದ್ರಾಕ್ಷಿ

ಹಬ್ಬದ ದಿನ ಮನೆಯಲ್ಲಿ ಶೀರ್ ಖುರ್ಮಾ ಉಳಿಯುತ್ತದೆ. ಮಗು ಅದನ್ನೊಯ್ದು ಬಾಗಿಲು ಕಾಯುವ ನಾಯಿಯ ಮುಂದಿಡುತ್ತದೆ. ನೋಡಿ ನಾವು ಸಂತೋಷಪಡುತ್ತೇವೆ. ಆದರೆ ಪ್ರಿಯ ಓದುಗರೇ, ಅದರಲ್ಲಿರುವ ಒಣದ್ರಾಕ್ಷಿ ಆ ನಾಯಿಗೆ ವಿಷವಾಗಬಲ್ಲದೆಂದು ನಿಮಗೆ ಗೊತ್ತೇ?

ಬಾಗಲಕೋಟೆ ಜಿಲ್ಲೆ ನಾಯಿಗೂ ಹೆಸರಾದದ್ದು, ಹಣ್ಣಿಗೂ ಹೆಸರಾದದ್ದು. ಇಲ್ಲಿನ ಮುಧೋಳ ತಳಿಯ ಬೇಟೆನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಹೊರಬಂತು. ಬಾದಾಮಿ, ಹುನಗುಂದ, ಇಳಕಲ್ ಕಡೆಯ ಕುರಿಗಾಹಿಗೂ ದ್ರಾಕ್ಷಿ, ದಾಳಿಂಬೆ ಬೆಳೆಯುವ ರೈತನಿಗೂ ಕಾವಲಿಗೆ ನಾಯಿ ಬೇಕು. ಹಿಂಡು, ಹೊಲ ಕಾಯಲು ಮತ್ತು ಬೇಟೆಗೆ ನಾಯಿ ಸಾಕಲು ಇಸ್ಲಾಮ್ ಅನುಮತಿ ನೀಡಿದೆ. ಸಾಕಿದ ಮೇಲೆ ಅದರ ಹೊಟ್ಟೆಯ ಹೊಣೆಯೂ ನಮ್ಮದೇ.

"ಒಳ್ಳೆಯ ಮನಸ್ಸಿನಿಂದ ಕೊಟ್ಟೆವು, ಆಪತ್ತಾದರೆ ನಮ್ಮ ತಪ್ಪೇನು?" ಎಂದು ಕೇಳಬಹುದು. ಕರ್ಮದ ಬೆಲೆ ಸಂಕಲ್ಪದಲ್ಲಿದೆ, ನಿಜ. ಆದರೆ ನಾಯಿಯ ಮೂತ್ರಪಿಂಡಕ್ಕೆ ನಮ್ಮ ಸಂಕಲ್ಪ ತಿಳಿಯದು. ದ್ರಾಕ್ಷಿ ತಿಂದು ವಿಷವೇರಿದ ನಾಯಿ ಸಾಮಾನ್ಯವಾಗಿ ಒಂದು ದಿನದೊಳಗೆ ವಾಂತಿ ಮಾಡುತ್ತದೆ. ಮುಂದಿನ ಎರಡು ಮೂರು ದಿನಗಳಲ್ಲಿ ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು. ಇಷ್ಟು ತಿಂದರೆ ಅಪಾಯವಿಲ್ಲ ಎಂಬ ಲೆಕ್ಕವಿಲ್ಲ. ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ಹುಣಸೆಹಣ್ಣಿನಲ್ಲಿಯೂ ಅದೇ ಆಮ್ಲವಿದೆ.

ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ ತಂದು, ಬಾಯಾರಿದ ನಾಯಿಗೆ ಕುಡಿಸಿದವನ ವೃತ್ತಾಂತವನ್ನು ಪ್ರವಾದಿ(ಸ)ರು ಹೇಳಿದ್ದಾರೆ. ಅಲ್ಲಾಹನು ಅವನನ್ನು ಕ್ಷಮಿಸಿದನು. ಅವನು ಕೊಟ್ಟದ್ದು ತನಗೆ ರುಚಿಸಿದ್ದನ್ನಲ್ಲ, ನಾಯಿಗೆ ಬೇಕಾದದ್ದನ್ನು. ತಾನೂ ಬಾಯಾರಿದ್ದರಿಂದ ಅದರ ಸಂಕಟವನ್ನು ಅರಿತಿದ್ದನು. ಅವನ ಕರುಣೆಯ ಜೊತೆ ಅರಿವೂ ಇತ್ತು. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೆಡವಿ ಸಾಯಿಸಿದ ಸ್ತ್ರೀ ಶಿಕ್ಷೆಗೆ ಗುರಿಯಾದಳೆಂದೂ ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಮೂಕಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯಕ್ಕೂ ವಿಚಾರಣೆಯುಂಟು. ಆದುದರಿಂದ ಅರಿಯದಿರುವುದು ತಪ್ಪಲ್ಲ. ಅರಿಯಲು ಸಾಧ್ಯವಿದ್ದೂ ವಿಚಾರಿಸದಿರುವುದು ತಪ್ಪು.

ವಿಚಾರಿಸುವುದೇನೂ ಕಷ್ಟದ ಕೆಲಸವಲ್ಲ. ಬಾಳೆಹಣ್ಣಿನ ತುಂಡು, ಬೀಜ ಮತ್ತು ಸಿಪ್ಪೆ ತೆಗೆದ ಕಲ್ಲಂಗಡಿ, ಪಪ್ಪಾಯಿ, ಬೀಜ ತೆಗೆದ ಸೇಬು, ಗೊರಟೆಯಿಲ್ಲದ ಮಾವು, ಇವನ್ನು ಸ್ವಲ್ಪ ಕೊಡಬಹುದು. ಉಪ್ಪು, ಸಕ್ಕರೆ ಬೇಡ. ದಿನದ ಆಹಾರದಲ್ಲಿ ಹಣ್ಣು ಹತ್ತರಲ್ಲೊಂದು ಪಾಲನ್ನು ಮೀರಬಾರದು. ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆ ಬೇಡವೇ ಬೇಡ. ತಿಂದುಬಿಟ್ಟಿದ್ದರೆ, ವಾಂತಿಯಾಗಲೆಂದು ಕಾಯದೆ ಕೂಡಲೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.

ಮುಂದಿನ ಹಬ್ಬದಂದು ಮಗುವಿನ ಕೈಯನ್ನು ತಡೆಯಬೇಡಿ. ಆ ಕೈಯಲ್ಲಿರುವ ಬಟ್ಟಲನ್ನಷ್ಟೇ ತೆಗೆದುಕೊಂಡು, ಒಂದು ತುಂಡು ಬಾಳೆಹಣ್ಣು ಕೊಡಿ. ಏಕೆಂದೂ ಹೇಳಿಕೊಡಿ.