ದೇವರಿಗೆ ಮಾತ್ರ ಹೊಣೆಯಾದ ದೊರೆ

ರಾಜನ ಅಧಿಕಾರ ದೇವರು ಕೊಟ್ಟದ್ದು, ಆದ್ದರಿಂದ ಅವನು ದೇವರಿಗೆ ಮಾತ್ರ ಹೊಣೆ ಎಂಬ ನಂಬಿಕೆ ಫ್ರೆಂಚ್ ಕ್ರಾಂತಿಯೊಂದಿಗೇ ಮುಗಿಯಿತೆಂದು ತಿಳಿದವರುಂಟು. ಹತ್ತೊಂಬತ್ತನೆಯ ಶತಮಾನದ ಯುರೋಪು ಈ ಮಾತನ್ನು ಒಪ್ಪುವುದಿಲ್ಲ. ಫ್ರಾನ್ಸಿನ ದೊರೆಗಳಿಗೆ ಹಚ್ಚುತ್ತಿದ್ದ ಪವಿತ್ರ ತೈಲದ ಕುಪ್ಪಿಯನ್ನು 1793ರಲ್ಲಿ ರೀಮ್ಸ್ ನಗರದ ಚೌಕದಲ್ಲಿ ಒಡೆದುಹಾಕಲಾಗಿತ್ತು. ಆದರೂ 1825ರ ಮೇ 29ರಂದು ಅದೇ ಊರಿನ ಕೆಥೆಡ್ರಲ್‌ನಲ್ಲಿ ಹತ್ತನೆಯ ಚಾರ್ಲ್ಸ್‌ನ ಪಟ್ಟಾಭಿಷೇಕವಾಯಿತು. ಒಡೆದ ಕುಪ್ಪಿಯಿಂದ ಉಳಿದದ್ದೆಂದು ಹೇಳಲಾದ ಅಂಶವನ್ನು ಹೊಸ ತೈಲದಲ್ಲಿ ಬೆರೆಸಿ, ಆರ್ಚ್‌ಬಿಷಪ್ ಅವನ ನೆತ್ತಿಗೆ, ಎದೆಗೆ, ತೋಳುಗಳಿಗೆ ಹಚ್ಚಿದರು. ಎರಡು ದಿನಗಳ ಬಳಿಕ ಅವನು ಗಂಡಮಾಲೆಯ ಸುಮಾರು 120 ರೋಗಿಗಳನ್ನು ಮುಟ್ಟಿದ. ದೊರೆ ಮುಟ್ಟಿದರೆ ಆ ರೋಗ ವಾಸಿಯಾಗುತ್ತದೆಂಬುದು ಶತಮಾನಗಳ ನಂಬಿಕೆ. ಇದನ್ನು ಬರಿಯ ಆಡಂಬರವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಧಿಕಾರ ನನ್ನ ಸ್ವಂತದ್ದಲ್ಲ, ಕೊಟ್ಟವನಿಗೆ ಲೆಕ್ಕ ಒಪ್ಪಿಸಬೇಕು ಎಂಬ ಭಾವದಲ್ಲಿ ನಿಜವಾದ ಧರ್ಮವಿದೆ. ಆದರೆ ಆ ಲೆಕ್ಕವನ್ನು ಈ ಲೋಕದಲ್ಲಿ ಕೇಳುವವರು ಯಾರು?

ಅದೇ ವಿಧಿಯಲ್ಲಿ ಚಾರ್ಲ್ಸ್ ಸುವಾರ್ತೆಯ ಮೇಲೆ ಕೈಯಿಟ್ಟು, ಸಂವಿಧಾನದಂತಿದ್ದ 1814ರ ಸನ್ನದಿಗೆ ಅನುಸಾರವಾಗಿ ಆಳುವೆನೆಂದು ಪ್ರಮಾಣ ಮಾಡಿದ್ದ. 1830ರ ಜುಲೈನಲ್ಲಿ ಅವನೇ ಪತ್ರಿಕಾ ಸ್ವಾತಂತ್ರ್ಯವನ್ನು ತಡೆಹಿಡಿದ, ಆಗತಾನೆ ಚುನಾಯಿತವಾಗಿದ್ದ ಸಭೆಯನ್ನು ವಿಸರ್ಜಿಸಿದ, ಮತದಾರರ ಸಂಖ್ಯೆಯನ್ನು ಕುಗ್ಗಿಸಿದ. ರಾಜ್ಯದ ಭದ್ರತೆಗಾಗಿ ಆಜ್ಞೆ ಹೊರಡಿಸಲು ಸನ್ನದಿನ 14ನೇ ವಿಧಿಯೇ ಅವಕಾಶ ಕೊಟ್ಟಿತ್ತು ಎಂಬುದು ಅವನ ಪರವಾದ ವಾದ. ಇರಬಹುದು. ಭದ್ರತೆಗೆ ಅಪಾಯ ಬಂದಿದೆಯೇ ಎಂದು ತೀರ್ಮಾನಿಸುವವನೂ ಅವನೇ, ತೀರ್ಮಾನ ಸರಿಯೇ ಎಂದು ಒರೆಹಚ್ಚುವವನೂ ಅವನೇ ಆದಾಗ ದೇವರಿಗೆ ಕೊಟ್ಟ ಮಾತಿಗೆ ಏನು ಬೆಲೆ ಉಳಿಯಿತು? ಮೂರು ದಿನ ಪ್ಯಾರಿಸ್ಸಿನ ಬೀದಿಗಳಲ್ಲಿ ರಕ್ತ ಹರಿಯಿತು. ಆಗಸ್ಟ್ 2ರಂದು ಅವನು ಪಟ್ಟ ಬಿಟ್ಟ.

ಚಾರ್ಲ್ಸ್‌ನ ದೋಷಕ್ಕಾಗಿ ಸಿದ್ಧಾಂತವನ್ನೇ ಹಳಿಯಬಾರದು ಎಂದರೆ, ಪ್ರಷ್ಯದ ನಾಲ್ಕನೆಯ ಫ್ರೆಡ್ರಿಕ್ ವಿಲ್‌ಹೆಲ್ಮ್‌ನನ್ನು ನೋಡಬಹುದು. ಅವನ ದೈವಭಕ್ತಿ ಪ್ರಾಮಾಣಿಕವಾದದ್ದು. ದೇವರಿಗೂ ಈ ನಾಡಿಗೂ ನಡುವೆ ಬರೆದ ಕಾಗದವೊಂದು ಬರಲು ಬಿಡೆನೆಂದು 1847ರಲ್ಲಿ ಸಾರಿದ್ದ. 1849ರ ಏಪ್ರಿಲ್‌ನಲ್ಲಿ ಫ್ರಾಂಕ್‌ಫರ್ಟ್ ಸಂಸತ್ತಿನವರು ಜರ್ಮನಿಯ ಕಿರೀಟವನ್ನೇ ತಂದು ನೀಡಿದರೂ ಒಲ್ಲೆನೆಂದ. ಜನಪ್ರತಿನಿಧಿಗಳು ಕೊಡುವ ಕಿರೀಟದಲ್ಲಿ ದೇವರ ಮುದ್ರೆ ಅವನಿಗೆ ಕಾಣಲಿಲ್ಲ. ಅವನಿಗೆ ಮೋಸ ತಿಳಿದಿರಲಿಲ್ಲ ಎಂದೇ ಒಪ್ಪೋಣ. ಆದರೂ ದೇವರ ಇಚ್ಛೆ ಏನೆಂದು ಅವನ ಮನಸ್ಸು ಹೇಳಿತೋ ಅದೇ ರಾಜ್ಯದ ಕಾನೂನಾಗಬೇಕಿತ್ತು. ಭಕ್ತಿ ಗಾಢವಾದಷ್ಟೂ ಆ ಮನಸ್ಸನ್ನು ಪ್ರಶ್ನಿಸುವುದು ಪಾಪವೆನಿಸಿಕೊಳ್ಳುತ್ತದೆ.

ಸಭೆಯೊಂದು ದೊರೆಯನ್ನು ಪ್ರಶ್ನಿಸುವುದೆಂದರೆ ಮನುಷ್ಯರನ್ನು ದೇವರಿಗಿಂತ ಮೇಲೆ ಕೂರಿಸಿದಂತೆ ಎಂದು ಆಸ್ತಿಕರು ಆಕ್ಷೇಪಿಸಬಹುದು. ಅಭಿಷೇಕದ ಮೂಲವಾದ ಬೈಬಲ್ಲೇ ಇದಕ್ಕೆ ಉತ್ತರ ಕೊಡುತ್ತದೆ. ಪ್ರವಾದಿ ಸಮುವೇಲನಿಂದ ಅಭಿಷಿಕ್ತನಾದ ದೊರೆ ದಾವೀದ ತನ್ನ ಯೋಧ ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತನ್ನವಳಾಗಿಸಿಕೊಂಡಾಗ, ನಾತಾನನೆಂಬ ಪ್ರವಾದಿ ಎದುರು ನಿಂತು ತಪ್ಪು ನಿನ್ನದೆಂದು ಮುಖಕ್ಕೇ ಹೇಳುತ್ತಾನೆ; ದಾವೀದ ತಲೆಬಾಗುತ್ತಾನೆ. ರೀಮ್ಸ್‌ನಲ್ಲಿ ಸಮುವೇಲನ ತೈಲವನ್ನು ಉಳಿಸಿಕೊಂಡವರು ನಾತಾನನಿಗೆ ಜಾಗ ಮಾಡಲಿಲ್ಲ. ಜನರ ಹೆಸರಿನಲ್ಲಿ ಆಳಿದವರೂ ಹಾಗೆಯೇ ನಡೆದುಕೊಂಡರಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಫ್ರಾನ್ಸಿನ ಅಧ್ಯಕ್ಷನಾಗಿ ಚುನಾಯಿತನಾದ ಲೂಯಿ ನೆಪೋಲಿಯನ್ 1848ರ ಡಿಸೆಂಬರ್‌ನಲ್ಲಿ ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದು ಪ್ರಮಾಣ ಮಾಡಿ, 1851ರ ಡಿಸೆಂಬರ್ 2ರಂದು ಅದನ್ನು ಮುರಿದು, ಜನಮತದಿಂದಲೇ ಅದಕ್ಕೆ ಒಪ್ಪಿಗೆ ಪಡೆದ. ನಿಜ, ಜನಾದೇಶವೂ ದೈವಾದೇಶದಷ್ಟೇ ನಿರಂಕುಶವಾಗಬಲ್ಲದು. ಅಧಿಕಾರ ಎಲ್ಲಿಂದ ಬಂತು ಎಂಬುದಕ್ಕಿಂತ, ಮಾತಿಗೆ ತಪ್ಪಿದಾಗ ತಡೆಯುವ ಹಕ್ಕು ಯಾರಿಗಿದೆ ಎಂಬುದೇ ಧರ್ಮದ ದೃಷ್ಟಿಯಿಂದಲೂ ಹಿರಿಯ ಪ್ರಶ್ನೆ.

ಬೆಲ್ಜಿಯಂ 1831ರಲ್ಲಿ ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಬರೆದಿಟ್ಟಿತು. ಎರಡೂ ಸದನಗಳ ಮುಂದೆ ಪ್ರಮಾಣ ಮಾಡದೆ ಯಾರೂ ಸಿಂಹಾಸನ ಏರುವಂತಿಲ್ಲ. ಹೊಣೆ ಹೊರುವ ಮಂತ್ರಿಯೊಬ್ಬನ ಸಹಿಯಿಲ್ಲದೆ ದೊರೆಯ ಯಾವ ಆಜ್ಞೆಯೂ ನಡೆಯದು. ಜುಲೈ 21ರಂದು ಒಂದನೆಯ ಲಿಯೋಪೋಲ್ಡ್ ಪ್ರಮಾಣ ಸ್ವೀಕರಿಸಿದ. ಅಭಿಷೇಕವೂ ಇರಲಿಲ್ಲ, ಪ್ರಮಾಣದಲ್ಲಿ ದೇವರ ಹೆಸರೂ ಇರಲಿಲ್ಲ. ಕ್ಯಾಥೊಲಿಕ್ ನಾಡಿನ ಈ ಲೂಥರನ್ ದೊರೆ 1865ರಲ್ಲಿ ಸಾಯುವವರೆಗೂ ಆಳಿದ.