ಶಿಫಾರಸು ಮಾಡಿದವರ ಪಾಲು

ಹಟ್ಟಿಯ ಚಿನ್ನದ ಗಣಿ ನಮ್ಮ ಗುರುಗುಂಟಾಕ್ಕೆ ದೂರವೇನಲ್ಲ. ಆದರೂ ಇಲ್ಲಿಯ ಅಕ್ಕಸಾಲಿಗ ಯಾರೇ ಚಿನ್ನ ತಂದರೂ ಒರೆಗಲ್ಲಿಗೆ ತಿಕ್ಕದೆ ಬೆಲೆ ಹೇಳುವುದಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಒರೆಗಲ್ಲನ್ನು ಬದಿಗಿಟ್ಟು, "ಶಾಸಕರೇ ಹೇಳಿದ್ದಾರಲ್ಲ" ಎಂದುಬಿಡುತ್ತೇವೆ. ಮೋಸ ಬಯಲಾದ ದಿನ ಅದೇ ಶಾಸಕರನ್ನು ಕಳ್ಳರೆನ್ನುತ್ತೇವೆ. ಪ್ರಿಯ ಓದುಗರೇ, ಈ ಎರಡು ಮಾತುಗಳ ನಡುವೆ ನ್ಯಾಯ ಎಲ್ಲಿದೆ?

2019ರ ಜೂನ್ ತಿಂಗಳು ನಿಮಗೆ ನೆನಪಿರಬಹುದು. ಬೆಂಗಳೂರಿನ ಐಎಂಎ ಸಂಸ್ಥೆ ಕುಸಿಯಿತು. ಅದರ ಮುಖ್ಯಸ್ಥ ಮುಹಮ್ಮದ್ ಮನ್ಸೂರ್ ಖಾನ್ ದುಬೈಗೆ ತೆರಳಿದರು. ಬಡ್ಡಿಯಿಲ್ಲದ ಹಲಾಲ್ ಲಾಭವೆಂದು ನಂಬಿದ್ದ ವಿಧವೆಯರು, ನಿವೃತ್ತರು, ಮಗಳ ಮದುವೆಗೆಂದು ಕೂಡಿಟ್ಟವರು ದೂರು ಕೊಡಲು ಸಾಲುಗಟ್ಟಿದರು. ದೂರುಗಳು 40 ಸಾವಿರ ದಾಟಿದವು. ಇವರೆಲ್ಲ ಸುಮ್ಮನೆ ನಂಬಿದವರಲ್ಲ. ಜನನಾಯಕರು ಆ ಸಂಸ್ಥೆಯ ಸಮಾರಂಭಗಳಲ್ಲಿ ಕುಳಿತಿದ್ದರು. ಕೆಲವು ಉಲಮಾಗಳೂ ಒಳ್ಳೆಯ ಮಾತಾಡಿದ್ದರು. ಅದರ ಹಣದಿಂದ ನವೀಕರಣಗೊಂಡ ಸರಕಾರಿ ಶಾಲೆ ಶಿವಾಜಿನಗರದಲ್ಲಿ ಕಣ್ಣೆದುರಿಗೇ ಇತ್ತು.

ನಾನು ಹೊರಗೆ ನಿಂತು ಬರೆಯುವ ಹಾಗಿಲ್ಲ. ನಮ್ಮ ಓಣಿಯ ಖಾಲಾ ಒಬ್ಬರು ಇಂತಹದೇ ಇನ್ನೊಂದು ವ್ಯವಹಾರದ ಬಗ್ಗೆ "ಮೌಲ್ವಿ ಸಾಬ್, ದುಡ್ಡು ಹಾಕಲೇನು?" ಎಂದು ಕೇಳಿದ್ದರು. "ದೊಡ್ಡವರೇ ಮೆಚ್ಚಿದ್ದಾರಲ್ಲ" ಎಂದೆ. ಒಂದು ಕಾಗದವನ್ನೂ ನಾನು ನೋಡಿರಲಿಲ್ಲ. ದುಡ್ಡು ಹೋಯಿತು. ಅವರು ಈಗಲೂ ಮೊದಲಿನಂತೆಯೇ ಸಲಾಮ್ ಹೇಳುತ್ತಾರೆ.

ಎದೆಯೊಳಗಿನದು ಅಲ್ಲಾಹನಿಗೆ ಮಾತ್ರ ಗೊತ್ತು. ಮದೀನಾದಲ್ಲಿದ್ದ ಕೆಲವು ಕಪಟಿಗಳನ್ನು ಪ್ರವಾದಿವರ್ಯರೂ(ಸ) ಅರಿತಿರಲಿಲ್ಲವೆಂದು ಪವಿತ್ರ ಕುರ್‌ಆನ್ (9:101) ತಿಳಿಸುತ್ತದೆ. ಆದ್ದರಿಂದ ಒಬ್ಬನ ಗುಪ್ತ ದೋಷ ಕಾಣಲಿಲ್ಲವೆಂಬುದೇ ಯಾರ ಅಪರಾಧವೂ ಆಗದು.

ಆದರೆ ಕಾಣುವಂತಹದನ್ನಾದರೂ ನೋಡಿದರೇ? ಒಬ್ಬ ವ್ಯಕ್ತಿಯ ಪರವಾಗಿ ಮಾತಾಡಲು ಬಂದವನನ್ನು ಹಝ್ರತ್ ಉಮರ್(ರ) ಪ್ರಶ್ನಿಸಿದರೆಂದು ವರದಿಯಿದೆ. ನೀನು ಅವನ ನೆರೆಯವನೇ? ಅವನೊಡನೆ ಹಣದ ವ್ಯವಹಾರ ಮಾಡಿದ್ದೀಯಾ? ಪ್ರಯಾಣ ಮಾಡಿದ್ದೀಯಾ? ಎಲ್ಲಕ್ಕೂ ಇಲ್ಲವೆಂಬ ಉತ್ತರ ಬಂತು. ಹಾಗಾದರೆ ನಿನಗೆ ಅವನ ಪರಿಚಯವೇ ಇಲ್ಲವೆಂದರು. ನೋಡಿ, ಉಮರ್(ರ) ಮನಸ್ಸಿನ ಗುಟ್ಟನ್ನು ಕೇಳಲಿಲ್ಲ, ಯಾರೂ ವಿಚಾರಿಸಬಹುದಾದುದನ್ನು ಕೇಳಿದರು. ಇಷ್ಟು ಲಾಭ ಎಲ್ಲಿಂದ ಬರುತ್ತದೆ ಎಂದು ಕೇಳದೆ ವೇದಿಕೆ ಹತ್ತಿದ ನಾಯಕರು ಮೋಸಗಾರರಲ್ಲದಿರಬಹುದು. ಆದರೆ ತಮಗಿಲ್ಲದ ತಿಳುವಳಿಕೆಯನ್ನು ಇದೆಯೆಂಬಂತೆ ಜನರಿಗೆ ತೋರಿಸಿದರು. ಶಿಫಾರಸು ಒಳ್ಳೆಯದಾದರೂ ಕೆಟ್ಟದಾದರೂ ಮಾಡಿದವನಿಗೆ ಅದರಲ್ಲಿ ಪಾಲಿದೆಯೆಂದು ಅನ್ನಿಸಾ ಅಧ್ಯಾಯ (4:85) ಎಚ್ಚರಿಸುತ್ತದೆ.

ಹಣ ಪಡೆದು ಬೆಂಬಲಿಸಿದರೆಂಬ ಆರೋಪ ಬೇರೆಯೇ ವಿಷಯ. ಆಗ ಶಾಸಕರಾಗಿದ್ದ ರೋಷನ್ ಬೇಗ್‌ರಿಗೆ 400 ಕೋಟಿ ರೂಪಾಯಿ ಕೊಟ್ಟಿದ್ದೇನೆಂದು ಮನ್ಸೂರ್ ಖಾನ್ ಧ್ವನಿಮುದ್ರಿಕೆಯಲ್ಲಿ ಹೇಳಿದರು. ಬೇಗ್ ಅದನ್ನು ನಿರಾಕರಿಸಿದರು. 2020ರ ನವೆಂಬರ್‌ನಲ್ಲಿ ಸಿಬಿಐ ಅವರನ್ನು ಬಂಧಿಸಿತು, ಮುಂದೆ ಜಾಮೀನು ದೊರೆಯಿತು. ಬಂಧನ ತೀರ್ಪಲ್ಲ. ನಷ್ಟ ನಮ್ಮದೆಂಬ ಕಾರಣಕ್ಕೆ ಚಹಾದಂಗಡಿಯಲ್ಲಿ ತೀರ್ಪು ಕೊಡುವ ಅಧಿಕಾರ ನಮಗೆ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು, ಗುಟ್ಟು ರಟ್ಟಾದ ನಂತರದ ನಡೆ. ತಿರ್ಮಿದಿಯ ವರದಿಯಂತೆ, ರಿಫಾಅ(ರ)ರ ಮನೆಗೆ ಕನ್ನ ಬಿದ್ದು ಆಯುಧಗಳು ಕಳವಾದವು. ಅವರ ಸೋದರನ ಮಗ ಕತಾದ(ರ) ಬನೂ ಉಬೈರಿಕ್ ಮನೆತನದ ಮೇಲೆ ದೂರು ಕೊಟ್ಟರು. ಆ ಮನೆಯ ಕಡೆಯವರು ಬಂದು, ಇವರು ಸಜ್ಜನರು, ಪುರಾವೆಯಿಲ್ಲದೆ ದೂರುತ್ತಿದ್ದಾರೆ ಎಂದರು. ಪ್ರವಾದಿವರ್ಯರು(ಸ) ಕಂಡದ್ದನ್ನೂ ಕೇಳಿದ್ದನ್ನೂ ಆಧರಿಸಿ ಕತಾದರನ್ನೇ ಆಕ್ಷೇಪಿಸಿದರು. ಆಗ ವಂಚಕರ ಪರ ವಾದಿಸಬಾರದೆಂಬ ಸೂಕ್ತಗಳು (4:105ರಿಂದ) ಅವತೀರ್ಣಗೊಂಡವು. ಆಯುಧಗಳು ರಿಫಾಅರ ಕೈಗೆ ಮರಳಿದವು. ಹಿಂದೆ ಆಡಿದ ಮಾತನ್ನು ಉಳಿಸಿಕೊಳ್ಳುವ ಪ್ರಯತ್ನ ಅಲ್ಲಿ ನಡೆಯಲಿಲ್ಲ. ಆ ಸೂಕ್ತಗಳನ್ನು ಇಂದಿಗೂ ಎಲ್ಲರೂ ಓದುತ್ತಾರೆ.

ನಮ್ಮ ನಾಯಕರಿಂದ ನಾವು ಕೇಳಬೇಕಾದುದು ಇದನ್ನೇ. ನಾನು ವಿಚಾರಿಸದೆ ಹೊಗಳಿದೆ ಎಂದು, ಹೊಗಳಿದ ವೇದಿಕೆಯಷ್ಟೇ ಬಹಿರಂಗವಾಗಿ ಹೇಳಲಿ. ಅವರ ಮಾತು ನಂಬಿ ಕಳಕೊಂಡವರ ಅರ್ಜಿ ಹಿಡಿದು ಕಚೇರಿಗಳಿಗೆ ಅಲೆಯಲಿ. ಹಾಗೆ ಮಾಡಿದವರನ್ನು ನಾವು ಕ್ಷಮಿಸಲೂ ಕಲಿಯೋಣ. ಆದರೆ ಇದನ್ನು ಬರೆಯುತ್ತಿರುವ ನಾನೇ ನಮ್ಮ ಓಣಿಯ ಆ ಖಾಲಾ ಮುಂದೆ ಕುಳಿತು "ಅಂದು ನಾನು ಏನೂ ವಿಚಾರಿಸಿರಲಿಲ್ಲ" ಎಂದು ಇನ್ನೂ ಹೇಳಿಲ್ಲ.